ಸೌಂಡ್ ಹೋದಾಗ ಮುಟ್ಟಬೇಡಿ: ಒಂದು ಹಳೆಯ ದೆವ್ವದ ಸಿನಿಮಾ, ಎರಡು ಪ್ರದರ್ಶನ

ಇದು ಒಂದು ಸಣ್ಣ ಊರಿನ ಸಿನಿಮಾ ಬಳಗದಲ್ಲಿ ನಡೆದ ಪ್ರಕರಣ. ಊರಿನ ಹೆಸರು ಬೇಡ, ಜನರ ಹೆಸರೂ ಬೇಡ. ಮೇಷ್ಟ್ರು, ನರ್ಸ್, ಮೊಬೈಲ್ ಅಂಗಡಿ ಹುಡುಗ ಎಂದು ಅವರವರ ಕೆಲಸದಿಂದಲೇ ಕರೆಯುತ್ತೇನೆ. ಗುರುತು ಸಿಗದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ. ಸಿನಿಮಾದ ಹೆಸರು ಮಾತ್ರ ನಿಜದ್ದೇ: 1962ರ ‘ಕಾರ್ನಿವಲ್ ಆಫ್ ಸೋಲ್ಸ್’. ಅಮೆರಿಕದ ಕಪ್ಪುಬಿಳುಪು ದೆವ್ವದ ಚಿತ್ರ. ಅದನ್ನು ಮೂರು ವಾರದ ಅಂತರದಲ್ಲಿ ಎರಡು ಸಲ ತೋರಿಸಿದೆವು. ಮೊದಲ ಸಲ ಕೆಡಿಸಿದವನು ನಾನೇ. ಆದ್ದರಿಂದ ಬರೆಯುವ ಜವಾಬ್ದಾರಿಯೂ ನನ್ನ ಮೇಲೆ ಬಿತ್ತು.

ಒಂದು ಮಾತು. ಸಿನಿಮಾದ ಕೊನೆ ಹೇಳದೆ ಇದನ್ನು ಬರೆಯಲು ಆಗುವುದಿಲ್ಲ. ನೋಡಿಲ್ಲದವರು ಮೊದಲು ನೋಡಿ ಬನ್ನಿ. ಒಂದೂ ಕಾಲು ಗಂಟೆಯ ಸಿನಿಮಾ ಅಷ್ಟೇ.

ಹಿನ್ನೆಲೆ

ನಮ್ಮ ಬಳಗದಲ್ಲಿ ಲೆಕ್ಕಕ್ಕೆ ಇಪ್ಪತ್ತೈದು ಜನ ಇದ್ದೇವೆ. ಬರುವವರು ಹನ್ನೆರಡು. ತಿಂಗಳಿಗೊಂದು ಸಿನಿಮಾ ತೋರಿಸುತ್ತೇವೆ. ಜಾಗ ಒಂದು ಸಂಘದ ಮಹಡಿ ಮೇಲಿನ ಹಾಲ್. ಪ್ರೊಜೆಕ್ಟರ್ ಒಬ್ಬ ಟ್ಯೂಶನ್ ಮಾಸ್ತರದ್ದು. ಆಂಪ್ಲಿಫೈಯರ್ ಹಾಲಿನದ್ದೇ, ಭಜನೆಗೂ ಅದೇ, ವಾರ್ಷಿಕ ಸಭೆಗೂ ಅದೇ. ಮಷಿನ್ ನೋಡಿಕೊಳ್ಳುವವನು ಮೊಬೈಲ್ ಅಂಗಡಿ ಹುಡುಗ. ವೈರು, ಜ್ಯಾಕು, ಪೆನ್‌ಡ್ರೈವ್ ಎಲ್ಲ ಅವನ ಕೈಯಲ್ಲಿ ಮಾತು ಕೇಳುತ್ತವೆ.

ಆ ತಿಂಗಳು ಕೈಯಲ್ಲಿ ಕಾಸಿರಲಿಲ್ಲ. ಹಕ್ಕಿನ ತೊಂದರೆ ಇಲ್ಲದ ಸಿನಿಮಾ ಬೇಕಿತ್ತು. ಕಾರ್ನಿವಲ್ ಆಫ್ ಸೋಲ್ಸ್ ಸಿಕ್ಕಿದ್ದು ಹಾಗೆ. ಅದು ಬಿಡುಗಡೆಯಾದಾಗ ಪ್ರಿಂಟಿನ ಮೇಲೆ ಹಕ್ಕುಸ್ವಾಮ್ಯದ ಸೂಚನೆ ಹಾಕಿರಲಿಲ್ಲ. ಆಗಿನ ಅಮೆರಿಕದ ಕಾನೂನಿನಲ್ಲಿ ಅಷ್ಟು ತಪ್ಪಿದರೂ ಸಿನಿಮಾ ಊರ ಸ್ವತ್ತು. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು 60 ವರ್ಷ. ಆ ಲೆಕ್ಕದಲ್ಲೂ 2022ರ ಕೊನೆಗೆ ಅವಧಿ ಮುಗಿದಿತ್ತು. ನಾವು ಸಿನಿಮಾ ಆರಿಸಿದ್ದು ಅದರ ಗುಣ ನೋಡಿ ಅಲ್ಲ, ಪುಕ್ಕಟೆ ಅಂತ. ಈ ಮನೋಭಾವವೇ ಮುಂದಿನ ತಪ್ಪುಗಳಿಗೆಲ್ಲ ಬೇರು ಎಂದು ಈಗ ಅನ್ನಿಸುತ್ತದೆ.

ಸಿನಿಮಾ ಹುಟ್ಟಿದ ಬಗೆ ಹೇಳಲೇಬೇಕು. ನಿರ್ದೇಶಕ ಹರ್ಕ್ ಹಾರ್ವಿ ಹಾಲಿವುಡ್‌ನವನಲ್ಲ. ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ ಸೆಂಟ್ರಾನ್ ಎಂಬ ಕಂಪನಿಯಲ್ಲಿ ಕೆಲಸದಲ್ಲಿದ್ದ. ಶಾಲೆ ಮಕ್ಕಳಿಗೆ ಪಾಠದ ಚಿತ್ರ, ಕಾರ್ಖಾನೆಗಳಿಗೆ ತರಬೇತಿ ಚಿತ್ರ ಮಾಡುವುದು ಆ ಕಂಪನಿಯ ಕೆಲಸ. ಒಮ್ಮೆ ಕ್ಯಾಲಿಫೋರ್ನಿಯಾದಿಂದ ಕಾರಿನಲ್ಲಿ ವಾಪಸ್ ಬರುವಾಗ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪುನೀರಿನ ಕೆರೆಯ ದಂಡೆಯಲ್ಲಿ ಒಂದು ಪಾಳುಬಿದ್ದ ಮಂಟಪ ಕಂಡ. ಸಾಲ್ಟ್‌ಏರ್ ಅದರ ಹೆಸರು. ಒಂದು ಕಾಲಕ್ಕೆ ಜನ ಕುಣಿಯಲು ಹೋಗುತ್ತಿದ್ದ ಜಾಗ. 1893ರಲ್ಲಿ ಕಟ್ಟಿದ್ದು 1925ರಲ್ಲಿ ಸುಟ್ಟಿತು, ಮತ್ತೆ ಕಟ್ಟಿದರು. ಕೆರೆಯ ನೀರು ಹಿಂದೆ ಸರಿಯಿತು. 1958ರಲ್ಲಿ ಬಾಗಿಲು ಹಾಕಿದರು. ಉಪ್ಪಿನ ನೆಲದ ಮೇಲೆ ಗುಮ್ಮಟಗಳು ಸುಮ್ನೆ ನಿಂತಿದ್ದವು. ಹಾರ್ವಿ ಊರಿಗೆ ಬಂದು ಕಂಪನಿಯಲ್ಲಿ ಜೊತೆಗಿದ್ದ ಜಾನ್ ಕ್ಲಿಫರ್ಡ್‌ಗೆ ಕತೆ ಬರೆಯಲು ಹೇಳಿದ. ಹಾಕಿದ ಷರತ್ತು ಒಂದೇ: ಕೊನೆಗೆ ಆ ಹಾಲಿನಲ್ಲಿ ಸತ್ತವರು ಕುಣಿಯಬೇಕು.

ದುಡ್ಡು ಹಾಕಿದವರಲ್ಲಿ ಊರಿನ ವ್ಯಾಪಾರಸ್ಥರೂ ಇದ್ದರು. ಒಟ್ಟು ಖರ್ಚು ಸುಮಾರು 33 ಸಾವಿರ ಡಾಲರ್. ಹಾರ್ವಿ ಕೆಲಸಕ್ಕೆ ಮೂರು ವಾರ ರಜೆ ಹಾಕಿ ಶೂಟಿಂಗ್ ಮುಗಿಸಿದ. ನಾಯಕಿ ಕ್ಯಾಂಡೇಸ್ ಹಿಲಿಗಾಸ್ ಬಿಟ್ಟರೆ ಹೆಚ್ಚಿನವರು ಅಲ್ಲಲ್ಲೇ ಸಿಕ್ಕವರು. ಮುಖ್ಯ ದೆವ್ವದ ವೇಷ ನಿರ್ದೇಶಕನೇ ಹಾಕಿದ. ನಮ್ಮ ಊರಿನ ನಾಟಕದಲ್ಲಿ ಪಾತ್ರಧಾರಿ ಕೈಕೊಟ್ಟಾಗ ಮೇಷ್ಟ್ರೇ ಬಣ್ಣ ಹಚ್ಚಿಕೊಳ್ಳುವುದಿಲ್ವಾ, ಹೆಚ್ಚೂಕಡಿಮೆ ಹಾಗೆ.

ಕತೆ ಸರಳ. ಕಾರುಗಳ ಪಂದ್ಯದಲ್ಲಿ ಒಂದು ಕಾರು ಸೇತುವೆಯಿಂದ ನದಿಗೆ ಬೀಳುತ್ತದೆ. ಮೂವರು ಹುಡುಗಿಯರು ಮುಳುಗುತ್ತಾರೆ. ಜನ ಗಂಟೆಗಟ್ಟಲೆ ಹುಡುಕಿದರೂ ಕಾರು ಸಿಗುವುದಿಲ್ಲ. ಆಮೇಲೆ ಒಬ್ಬಳು, ಮೇರಿ ಹೆನ್ರಿ, ಕೆಸರು ಮೆತ್ತಿಕೊಂಡು ದಂಡೆಗೆ ಎದ್ದು ಬರುತ್ತಾಳೆ. ಹೇಗೆ ಬದುಕಿದೆ ಅಂತ ಅವಳಿಗೇ ನೆನಪಿಲ್ಲ. ಯೂಟಾದ ಒಂದು ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸಕ್ಕೆ ಹೊರಡುತ್ತಾಳೆ. ದಾರಿಯುದ್ದಕ್ಕೂ ಬಿಳಿ ಮುಖದ ಒಬ್ಬ ಗಂಡಸು ಕಾಣಿಸುತ್ತಾನೆ. ಪಾಳು ಮಂಟಪ ಅವಳನ್ನು ಕರೆಯುತ್ತದೆ.

ಮೊದಲ ಪ್ರದರ್ಶನ

ಶನಿವಾರ ಸಂಜೆ ಆರಕ್ಕೆ ಇಟ್ಟೆವು. ಕಿಟಕಿಗಳಿಗೆ ಪರದೆ ಇರಲಿಲ್ಲ. ಪಡುವಣದ ಬೆಳಕು ನೇರ ಸಿನಿಮಾ ಪರದೆ ಮೇಲೆ ಬೀಳುತ್ತಿತ್ತು. ನಲವತ್ತಕ್ಕೂ ಜಾಸ್ತಿ ಜನ ಬಂದಿದ್ದರು, ‘ದೆವ್ವದ ಸಿನಿಮಾ’ ಎಂದು ವಾಟ್ಸಾಪ್‌ನಲ್ಲಿ ಹಾಕಿದ್ದೆವಲ್ಲ. ಕಾಲೇಜು ಹುಡುಗರ ಒಂದು ದಂಡೇ ಬಂದಿತ್ತು.

ನಾನು ಎದ್ದು ನಿಂತು ಹತ್ತು ನಿಮಿಷ ಮಾತಾಡಿದೆ. ಈ ಸಿನಿಮಾಕ್ಕೆ ದುಡ್ಡಿರಲಿಲ್ಲ, ನಟನೆ ಸುಮಾರು, ಮೇಕಪ್ಪು ಅಷ್ಟಕ್ಕಷ್ಟೇ, ಕೆಲವು ಕಡೆ ತುಟಿಗೂ ಮಾತಿಗೂ ಹೊಂದುವುದಿಲ್ಲ, ದಯವಿಟ್ಟು ಅಡ್ಜಸ್ಟ್ ಮಾಡಿಕೊಳ್ಳಿ ಎಂದೆ. ಹೆಣ್ಣು ನೋಡಲು ಬಂದವರ ಮುಂದೆ ಮಗಳ ಕುಂದುಗಳನ್ನು ಒಂದೊಂದಾಗಿ ಎಣಿಸಿದ ಹಾಗಾಯಿತು. ಜನ ಸಹಜವಾಗಿ ಅವನ್ನೇ ಹುಡುಕತೊಡಗಿದರು.

ಇನ್ನೊಂದು ತಪ್ಪು ಮೈಕಿನದು. ಇಂಗ್ಲಿಷ್ ಎಲ್ಲರಿಗೂ ತಿಳಿಯಲಿಕ್ಕಿಲ್ಲ ಎಂದು ಒಬ್ಬ ಹುಡುಗನನ್ನು ಮೂಲೆಯಲ್ಲಿ ಕೂರಿಸಿದೆವು. ‘ಈಗ ಅವಳು ಕಾರು ಹತ್ತಿದಳು, ಈಗ ಹೆದರಿದಳು’ ಎಂದು ಅವನು ಕನ್ನಡದಲ್ಲಿ ಹೇಳುತ್ತಲೇ ಇದ್ದ. ಅವಳು ಹೆದರಿದ್ದು ಕಾಣುತ್ತಿತ್ತು. ಅವನು ಹೇಳಿದ ಮೇಲೆ ಕಾಣದಂತಾಯಿತು.

ಚಿತ್ರದ ಪ್ರತಿಯೂ ಮಸುಕು. ಅದರ ಮೇಲೆ ಪರದೆ ತುಂಬಲಿ ಎಂದು ಚಿತ್ರವನ್ನು ಅಡ್ಡಕ್ಕೆ ಎಳೆದಿದ್ದೆವು. ಈ ಸಿನಿಮಾದ ಚೌಕಟ್ಟು ಹಳೇ ಟಿವಿಯ ಹಾಗೆ, ಹೆಚ್ಚು ಕಡಿಮೆ ನಾಲ್ಕಕ್ಕೆ ಮೂರು. ಎಳೆದರೆ ಮುಖಗಳು ಉಬ್ಬುತ್ತವೆ. ಹಿಲಿಗಾಸ್‌ಳ ಮುಖದ ಗುಣವೇ ಆ ಚೂಪು ಗಲ್ಲ, ಅಗಲ ಕಣ್ಣು, ಯಾವುದಕ್ಕೂ ಅಂಟಿಕೊಳ್ಳದ ನೋಟ. ನಮ್ಮ ಪರದೆ ಮೇಲೆ ಅವಳು ಮಂಗನಬಾವು ಬಂದವಳ ಹಾಗೆ ಕಂಡಳು.

ಏನಾಯಿತು ಅಂತ ಊಹಿಸಬಹುದು. ತುಟಿ ಒಂದು ಕಡೆ ಮಾತು ಒಂದು ಕಡೆ ಆದಾಗ ನಗು. ಕಾರಿನ ಕಿಟಕಿಯಲ್ಲಿ ಬಿಳಿ ಮುಖ ಮೊದಲ ಸಲ ಕಂಡಾಗ ಯಾರೋ ಜೋರಾಗಿ, “ಇದು ದೆವ್ವಾನಾ, ಸುಣ್ಣ ಹೊಡೆಯೋಕೆ ಬಂದೋನಾ?” ಎಂದರು. ಇಡೀ ಹಾಲ್ ನಗುವಿನಲ್ಲಿ ಹಾರಿಹೋಯಿತು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಮಾತು ಚೆನ್ನಾಗಿತ್ತು.

ಆಮೇಲೆ ಬಂತು ದೊಡ್ಡ ಅನಾಹುತ. ಸಿನಿಮಾದ ನಡುವೆ ಮೇರಿ ಒಂದು ಬಟ್ಟೆ ಅಂಗಡಿಗೆ ಹೋಗುತ್ತಾಳೆ. ಉಡುಪು ಹಾಕಿ ನೋಡಲು ಒಳಕೋಣೆಗೆ ಹೋಗುತ್ತಾಳೆ. ಚಿತ್ರ ನೀರಿನ ಹಾಗೆ ಅಲುಗುತ್ತದೆ. ಹೊರಬಂದರೆ ಅಂಗಡಿಯವರಿಗೆ ಅವಳು ಕಾಣುವುದಿಲ್ಲ, ಅವಳ ಮಾತು ಕೇಳುವುದಿಲ್ಲ. ಲೋಕದ ಸದ್ದೆಲ್ಲ ನಿಂತುಹೋಗಿರುತ್ತದೆ. ಬೀದಿಗೆ ಬಂದರೂ ಹಾಗೇ. ಇಡೀ ಸಿನಿಮಾದ ಪ್ರಾಣ ಇರುವುದು ಇಲ್ಲಿ. ಖರ್ಚು ನೋಡಿ: ಅಲುಗುವ ಒಂದು ಚಿತ್ರ, ಸದ್ದಿನ ಗುಂಡಿ ತಿರುಗಿಸುವುದು. ಅಷ್ಟೇ.

ಸದ್ದು ನಿಂತದ್ದೇ ತಡ, ಮೊಬೈಲ್ ಅಂಗಡಿ ಹುಡುಗ ಸಿನಿಮಾ ನಿಲ್ಲಿಸಿದ. ಜ್ಯಾಕ್ ಸಡಿಲ ಆಗಿದೆ ಅಂದುಕೊಂಡ. ವೈರು ಎಳೆದ, ಊದಿದ, ಮತ್ತೆ ಚುಚ್ಚಿದ. ಆಂಪ್ಲಿಫೈಯರ್ ‘ಭುಂಯ್’ ಎಂದಿತು. ಲೈಟ್ ಹಾಕಿದರು. ಹೇಗೂ ನಿಂತಿದೆಯಲ್ಲ ಎಂದು ಚಹಾ ಕೊಟ್ಟುಬಿಟ್ಟೆವು. ಚಹಾ ಆದ ಮೇಲೆ ಅರ್ಧಕ್ಕರ್ಧ ಜನ ಹೊರಟರು.

ಅವನದು ಏನೂ ತಪ್ಪಿಲ್ಲ. ಯಾರೂ ಅವನಿಗೆ ಹೇಳಿರಲಿಲ್ಲ. ನಾನು ಮುಂಚೆ ಸಿನಿಮಾ ನೋಡಿದ್ದೆ, ಕುಂದುಗಳ ಪಟ್ಟಿ ಮಾಡಿದ್ದೆ. ಇಲ್ಲಿ ಸದ್ದು ಹೋಗುತ್ತದೆ ಎಂದು ಮಷಿನ್ ಹಿಂದೆ ಕೂತವನಿಗೆ ಹೇಳುವುದು ಮಾತ್ರ ನೆನಪಾಗಲಿಲ್ಲ.

ಮೆಟ್ಟಿಲಿನ ಮಾತು

ಕುರ್ಚಿ ಮಡಚುವಾಗ ನರ್ಸ್ ಹತ್ತಿರ ಬಂದರು. ಬಳಗಕ್ಕೆ ಹೊಸಬರು. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರು, ಒಂದು ಮನೆಯ ಮಹಡಿ ಮೇಲೆ ಬಾಡಿಗೆ ಕೋಣೆ. ಮೆಟ್ಟಿಲಿಳಿಯುತ್ತಾ ಹೇಳಿದರು: “ಸರ್, ನೀವೆಲ್ಲ ನಕ್ಕ ಜಾಗದಲ್ಲಿ ನನಗೆ ಭಯ ಆಯ್ತು. ದೆವ್ವ ಬಂದಾಗ ಅಲ್ಲ. ಆ ಪಕ್ಕದ ರೂಮಿನವನು ಬಂದಾಗ.”

ಮೇರಿ ಇಳಿದುಕೊಳ್ಳುವ ಮನೆಯಲ್ಲಿ ಜಾನ್ ಎಂಬ ಒಬ್ಬನಿದ್ದಾನೆ. ಎದುರು ಕೋಣೆ. ಸ್ನಾನ ಮುಗಿಸಿ ಬಂದ ಅವಳನ್ನು ಬಾಗಿಲ ಸಂದಿಯಿಂದ ನೋಡುತ್ತಾನೆ. ಬೆಳಗ್ಗೆ ಕಾಫಿ ತರುತ್ತಾನೆ, ಅದಕ್ಕೆ ಬಾಟಲಿಯಿಂದ ಸ್ವಲ್ಪ ಸುರಿಯುತ್ತಾನೆ. ಬೇಡ ಎಂದರೂ ಹೋಗುವುದಿಲ್ಲ. ನಮ್ಮ ಹುಡುಗರು ಅಲ್ಲೆಲ್ಲ ಶಿಳ್ಳೆ ಹಾಕಿದ್ದರು. ನಾನು ಅದನ್ನು ತಮಾಷೆಯ ಭಾಗ ಎಂದೇ ಲೆಕ್ಕ ಹಾಕಿದ್ದೆ. ಪುಸ್ತಕದಲ್ಲಿ ‘ಪಕ್ಕದ ರೂಮಿನವನು: ಅತಿ ನಟನೆ’ ಎಂದು ಬರೆದುಕೊಂಡಿದ್ದೆ.

“ರಾತ್ರಿ ಒಬ್ಬಳೇ ಇರೋಕೆ ಆಗದೆ ಅವನ ಜೊತೆ ಹೊರಗೆ ಹೋಗ್ತಾಳಲ್ಲ ಸರ್. ಅವನೂ ಬೇಡ, ಕತ್ತಲೂ ಬೇಡ. ಎರಡರಲ್ಲಿ ಒಂದು ಆರಿಸ್ಕೋಬೇಕು. ಅದು ಗೊತ್ತಿದ್ದೋರಿಗೆ ಗೊತ್ತು” ಎಂದು ಅವರು ಚಪ್ಪಲಿ ಹಾಕಿಕೊಂಡು ಹೋದರು.

ಪ್ರಕರಣ ತಿರುಗಿದ್ದು ಇಲ್ಲಿ. ಆ ರಾತ್ರಿ ಮನೆಯಲ್ಲಿ, ಎಳೆಯದ ಚೌಕಟ್ಟಿನಲ್ಲಿ, ಇಯರ್‌ಫೋನ್ ಹಾಕಿ ಮತ್ತೆ ನೋಡಿದೆ. ನಾನು ಕುಂದು ಎಂದು ಬರೆದಿದ್ದರಲ್ಲಿ ಅರ್ಧ ಬೇರೆ ಥರ ಕಂಡಿತು. ಮಾತು ತುಟಿಗೆ ಹೊಂದದಿರುವುದು ಕೈಯಲ್ಲಿ ಕಾಸಿಲ್ಲದ್ದರ ಗುರುತೇ, ಸುಳ್ಳಲ್ಲ. ಆದರೆ ಈ ಹೆಣ್ಣು ಲೋಕಕ್ಕೇ ಹೊಂದುವುದಿಲ್ಲ. ಅವಳ ಸುತ್ತ ಎಲ್ಲರ ಮಾತೂ ಬೇರೆ ಕೋಣೆಯಿಂದ ಬಂದ ಹಾಗಿದ್ದರೆ ಅದು ಅವಳ ಕಿವಿಯೇ ಅಲ್ವಾ? ಸುತ್ತಲಿನವರ ನಟನೆ ಮರದ ಹಾಗಿದೆ. ಸತ್ತವಳಿಗೆ ಬದುಕಿರುವವರು ಹಾಗೆ ಕಾಣಬಹುದು.

ನಿರ್ದೇಶಕ ಇದನ್ನೆಲ್ಲ ಬೇಕೆಂದೇ ಮಾಡಿದ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಪ್ರತಿ ಕೆಟ್ಟ ಡಬ್ಬಿಂಗೂ ಕಲೆಯಾಗುತ್ತದೆ. ಕೆಲವು ಕುಂದುಗಳು ಕುಂದುಗಳೇ. ಉದ್ಯಾನದಲ್ಲಿ ಸಿಕ್ಕ ಡಾಕ್ಟರು ಅವಳನ್ನು ಕೂರಿಸಿ ಬುದ್ಧಿ ಹೇಳುವ ಭಾಗ ಎಷ್ಟು ಸಲ ನೋಡಿದರೂ ಆಕಳಿಕೆ. ಆದರೆ ಪಾಠದ ಚಿತ್ರ ಮಾಡಿದ ಕೈಗೆ ಒಂದು ಬೀದಿ, ಒಂದು ಅಂಗಡಿ, ಒಂದು ಗ್ಯಾರೇಜ್ ಹೇಗಿದೆಯೋ ಹಾಗೆ ತೋರಿಸುವುದು ಚೆನ್ನಾಗಿ ಗೊತ್ತಿತ್ತು. ಸೆಟ್ ಹಾಕಲು ದುಡ್ಡಿದ್ದಿದ್ದರೆ ಜೇಡರ ಬಲೆ ಕಟ್ಟಿದ ಬಂಗಲೆ ಬರುತ್ತಿತ್ತೋ ಏನೋ. ದುಡ್ಡಿಲ್ಲದ್ದರಿಂದ ದೆವ್ವ ಹಾಡಹಗಲು ಬಸ್ ಸ್ಟ್ಯಾಂಡಿಗೆ ಬಂತು.

ಏನು ಮಾಡುವುದು

ಮರುವಾರ ಮೇಷ್ಟ್ರ ಮನೆಯಲ್ಲಿ ಸೇರಿದೆವು. ಮೂರು ಅಭಿಪ್ರಾಯ ಬಂದವು.

ಟ್ಯೂಶನ್ ಮಾಸ್ತರು, ಬಿಟ್ಟುಬಿಡಿ, ಮುಂದಿನ ಸಿನಿಮಾ ನೋಡೋಣ ಎಂದರು. ಕಾಲೇಜು ಹುಡುಗನೊಬ್ಬ, ನಗುವುದಕ್ಕೆಂದೇ ಇನ್ನೊಂದು ಶೋ ಇಡೋಣ ಎಂದ. ಎಲ್ಲರೂ ಕಾಮೆಂಟ್ ಹೊಡೆಯಲಿ, ಚುರುಮುರಿ ಕೊಡೋಣ, ನೂರು ಜನ ಬರುತ್ತಾರೆ. ಈ ಸಲಹೆಗೆ ನಾನು ಅರ್ಧ ಒಲಿದಿದ್ದೆ. ಕೆಟ್ಟ ಸಿನಿಮಾವನ್ನು ಗುಂಪಾಗಿ ನೋಡಿ ನಗುವುದರಲ್ಲಿ ಒಂದು ಸುಖ ಇದೆ, ಅದನ್ನು ಅಲ್ಲಗಳೆಯಲಾರೆ. ಮೇಷ್ಟ್ರು ಕೇಳಿದರು: “ನಗೋ ಶೋದಲ್ಲಿ ಆ ಹುಡುಗಿ ಎಲ್ಲಿ ಕೂತ್ಕೋತಾಳಪ್ಪ?” ನರ್ಸ್ ಹೇಳಿದ್ದನ್ನು ಅವರಿಗೆ ತಿಳಿಸಿದ್ದೆ. ಮಾತು ಅಲ್ಲಿಗೆ ನಿಂತಿತು. ಇನ್ನೊಮ್ಮೆ ಸರಿಯಾಗಿ ತೋರಿಸುವುದು ಎಂದಾಯಿತು.

ಪೀಠಿಕೆ ಬೇಡ. ಮೈಕ್ ಬೇಡ. ಚಹಾ ಸಿನಿಮಾ ಮುಗಿದ ಮೇಲೆ. ಇವು ಸುಲಭ.

ಸಮಯದ ಬಗ್ಗೆ ಜಗಳವೇ ಆಯಿತು. ಕತ್ತಲೆ ಬೇಕೆಂದರೆ ಎಂಟಕ್ಕೆ ಶುರು ಮಾಡಬೇಕು. ಎಂಟಕ್ಕೆ ಮಾಡಿದರೆ ಹೆಂಗಸರು ಮನೆಗೆ ಹೋಗುವುದು ಹೇಗೆ? ಒಂಟಿ ಹೆಣ್ಣಿನ ಭಯದ ಸಿನಿಮಾವನ್ನು ಒಂಟಿ ಹೆಂಗಸರು ಬರಲಾಗದ ಹೊತ್ತಿಗೆ ಇಡುವುದು ಯಾವ ನ್ಯಾಯ? ಏಳಕ್ಕೆ ಇಟ್ಟೆವು. ಕಿಟಕಿಗಳಿಗೆ ಶಾಮಿಯಾನದವರಿಂದ ಕಪ್ಪು ಬಟ್ಟೆ ತಂದು ಕಟ್ಟಿದೆವು, ಪರದೆಯ ಎರಡೂ ಬದಿಗೆ ಅದೇ ಬಟ್ಟೆ. ಎರಡು ಆಟೋದವರಿಗೆ ಒಂಬತ್ತಕ್ಕೆ ಬರಲು ಹೇಳಿದೆವು. ಇಡೀ ಪ್ರಯತ್ನದಲ್ಲಿ ಜಾಸ್ತಿ ಖರ್ಚಾದದ್ದು ಆಟೋಗೆ.

ಫ್ಯಾನುಗಳದ್ದು ಬಗೆಹರಿಯಲಿಲ್ಲ. ಹಾಕಿದರೆ ಗರಗರ, ನಿಲ್ಲಿಸಿದರೆ ಬೆವರು. ಹಿಂದಿನ ಎರಡು ಮಾತ್ರ ಹಾಕಿದೆವು.

ಸಬ್‌ಟೈಟಲ್ ಕೆಲಸ ನನಗೂ ಮೇಷ್ಟ್ರಿಗೂ ಬಿತ್ತು. ಈ ಸಿನಿಮಾದಲ್ಲಿ ಮಾತು ಕಡಿಮೆ, ಆರ್ಗನ್ ಜಾಸ್ತಿ. ನಾಲ್ಕು ರಾತ್ರಿಯಲ್ಲಿ ಮುಗಿಯಿತು. ಹೆಸರಿಗೆ ‘ಆತ್ಮಗಳ ಜಾತ್ರೆ’ ಎಂದು ಹಾಕಿದೆವು. ಜಾತ್ರೆ ಎಂದ ಕೂಡಲೇ ತೇರು, ಬೆಂಡುಬತ್ತಾಸು ಕಣ್ಣಿಗೆ ಬಂದು ನನಗೆ ಸ್ವಲ್ಪ ಕಸಿವಿಸಿ. ಮೇಷ್ಟ್ರು, ಮುಗಿದ ಜಾತ್ರೆಯ ಮೈದಾನ ನೋಡಿದ್ದೀಯಾ ಎಂದರು. ನೋಡಿದ್ದೇನೆ. ಒಪ್ಪಿದೆ.

ಒಂದು ಸಾಲಿನಲ್ಲಿ ನಮಗೆ ಅದೃಷ್ಟ ಖುಲಾಯಿಸಿತು. ಆರ್ಗನ್ ಕಾರ್ಖಾನೆಯಲ್ಲಿ ಒಬ್ಬರು ಮೇರಿಗೆ, ನುಡಿಸುವಾಗ ಸ್ವಲ್ಪ ಆತ್ಮ ಇಡು ಎನ್ನುವ ಅರ್ಥದ ಮಾತು ಹೇಳುತ್ತಾರೆ. ಅವಳಿಗೆ ಚರ್ಚು ಎಂದರೆ ಬರೀ ಕೆಲಸ, ಸಂಬಳ. ‘ಆತ್ಮ ಇಟ್ಟು ನುಡಿಸು’ ಎಂದರೆ ಕನ್ನಡದಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ‘ಮನಸಿಟ್ಟು’ ಎಂದು ಬರೆದೆವು, ಹೊಡೆದೆವು. ಕೊನೆಗೆ ಮೇಷ್ಟ್ರು, “ಜೀವ ತುಂಬಿ ನುಡಿಸಮ್ಮ” ಎಂದು ಬರೆದರು. ಹಾಡುವವರಿಗೆ, ಹಾರ್ಮೋನಿಯಂ ನುಡಿಸುವವರಿಗೆ ನಮ್ಮಲ್ಲಿ ಹೇಳುವುದೇ ಹಾಗೆ. ಮೊದಲ ಸಲ ಓದುವವನಿಗೆ ಸಾಧಾರಣ ಮಾತು. ಕೊನೆ ಗೊತ್ತಿದ್ದವನಿಗೆ ಬೆನ್ನಲ್ಲಿ ಚಳಿ. ಇಲ್ಲದ ಜೀವವನ್ನು ಅವಳು ಎಲ್ಲಿಂದ ತರಬೇಕು?

ಇನ್ನೊಂದು ನಿರ್ಧಾರ ಸದ್ದಿನದು. ಬಟ್ಟೆ ಅಂಗಡಿಯ ಭಾಗಕ್ಕೆ ಮುಂಚೆ ಪರದೆ ಮೇಲೆ ‘ತಾಂತ್ರಿಕ ದೋಷವಲ್ಲ’ ಎಂದು ಹಾಕೋಣ ಎಂದು ಯಾರೋ ಹೇಳಿದರು. ಬೇಡ ಎಂದೆ. ನೋಡುವವರಿಗೆ ಹೇಳುವುದಲ್ಲ, ಮಷಿನ್ ಹತ್ತಿರ ಇರುವವನಿಗೆ ಹೇಳಬೇಕು. ಹುಡುಗ ತಾನೇ ಒಂದು ಚೀಟಿ ಬರೆದು ಆಂಪ್ಲಿಫೈಯರ್ ಮೇಲೆ ಟೇಪ್ ಹಚ್ಚಿದ: ‘ಸೌಂಡ್ ಹೋದಾಗ ಯಾರೂ ಮುಟ್ಟಬೇಡಿ.’

ಎರಡನೇ ಪ್ರದರ್ಶನ

ಮೂವತ್ತೊಂದು ಜನ. ಮೊದಲ ಸಲ ಬಂದು ಅರ್ಧಕ್ಕೆ ಹೋದವರಲ್ಲಿ ಏಳು ಜನ ಮತ್ತೆ ಬಂದಿದ್ದರು. ನರ್ಸ್ ಆಸ್ಪತ್ರೆಯ ಇಬ್ಬರು ಗೆಳತಿಯರನ್ನು ಕರೆತಂದಿದ್ದರು. ಮೇಷ್ಟ್ರ ಅಮ್ಮ ಬಂದಿದ್ದರು, ಎಪ್ಪತ್ತು ದಾಟಿದವರು. ಟೆಂಟ್ ಸಿನಿಮಾದಲ್ಲಿ ನೆಲದ ಮೇಲೆ ಕೂತು ನೋಡಿದ ಕಾಲದವರು.

ನಗು ಪೂರ್ತಿ ಹೋಗಲಿಲ್ಲ. ಕಿಟಕಿಯ ಬಿಳಿ ಮುಖಕ್ಕೆ ಈ ಸಲವೂ ನಕ್ಕರು. ಆದರೆ ಸಣ್ಣ ನಗು. ಅದು ಗೇಲಿಯೋ ಬೆಚ್ಚಿದ್ದೋ ಹೇಳುವುದು ಕಷ್ಟ. ಕಾರಿನ ರೇಡಿಯೋ ಎಷ್ಟು ತಿರುವಿದರೂ ಬರೀ ಆರ್ಗನ್ನೇ ಬರುವಾಗ ಯಾರೂ ನಗಲಿಲ್ಲ. ಜೀನ್ ಮೂರ್ ಎಂಬಾತನ ಆ ಆರ್ಗನ್ ಸಂಗೀತ ಈ ಸಿನಿಮಾದ ಅತಿ ದೊಡ್ಡ ಆಸ್ತಿ. ವಾದ್ಯವೃಂದಕ್ಕೆ ಕೊಡಲು ದುಡ್ಡು ಎಲ್ಲಿತ್ತು? ಒಂದೇ ವಾದ್ಯ. ಚರ್ಚಿನ ಗಂಭೀರವೂ ಅದರಲ್ಲೇ, ಜಾತ್ರೆಯ ತೊಟ್ಟಿಲಿನ ತಿರುಗಾಟವೂ ಅದರಲ್ಲೇ.

ಪಕ್ಕದ ಕೋಣೆಯವನು ಬಂದಾಗ ಹುಡುಗರ ಸಾಲಿನಿಂದ ಒಂದು ಶಿಳ್ಳೆ ಬಂತು. ಹೆಂಗಸರ ಸಾಲು ಕಲ್ಲಿನ ಹಾಗೆ ಕೂತಿತ್ತು. ಎರಡನೇ ಶಿಳ್ಳೆ ಬರಲಿಲ್ಲ.

ಆಮೇಲೆ ಬಟ್ಟೆ ಅಂಗಡಿ. ಚಿತ್ರ ಅಲುಗಿತು. ಸದ್ದು ಹೋಯಿತು. ಹಿಂದಿನಿಂದ ಯಾರೋ, “ಸೌಂಡ್!” ಎಂದು ಕೂಗಿದರು. ಇನ್ನೊಬ್ಬರು, “ಏಯ್, ಸೌಂಡ್ ಹಾಕ್ರೋ!” ಎಂದರು. ಟೆಂಟಿನ ಕಾಲದಿಂದ ನಮ್ಮ ಜನರ ಬಾಯಲ್ಲಿ ಇರುವ ಮಾತು. ಹುಡುಗ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ. ಪರದೆ ಮೇಲೆ ಮೇರಿ ಅಂಗಡಿಯವಳನ್ನು ಮಾತಾಡಿಸುತ್ತಿದ್ದಳು. ಅಂಗಡಿಯವಳು ತಿರುಗಲಿಲ್ಲ. ಹಾಲಿನಲ್ಲಿ ಕೂಗಿದವರಿಗೂ ಯಾರೂ ಉತ್ತರ ಕೊಡಲಿಲ್ಲ. ನಾವು ಕೂಗುತ್ತಿದ್ದೇವೆ, ಯಾರೂ ಕೇಳುತ್ತಿಲ್ಲ. ಅವಳು ಕೂಗುತ್ತಿದ್ದಾಳೆ, ಯಾರೂ ಕೇಳುತ್ತಿಲ್ಲ. ಇದು ಒಬ್ಬೊಬ್ಬರಿಗೆ ಅರ್ಥವಾಗುತ್ತಾ ಹೋದದ್ದು ಕತ್ತಲಲ್ಲೂ ತಿಳಿಯುತ್ತಿತ್ತು. ಇಡೀ ಹಾಲ್ ತಣ್ಣಗಾಯಿತು. ಹಿಂದಿನ ಫ್ಯಾನಿನ ಗರಗರ ಒಂದೇ. ಉದ್ಯಾನದಲ್ಲಿ ಹಕ್ಕಿ ಕೂಗಿ ಸದ್ದು ಮರಳಿದಾಗ ಯಾರೋ ಉಸಿರು ಬಿಟ್ಟರು. ನಾನೇ ಇರಬೇಕು.

ಮಧ್ಯದಲ್ಲಿ ನಮ್ಮ ಸಬ್‌ಟೈಟಲ್ ಎರಡು ಸೆಕೆಂಡ್ ಹಿಂದೆ ಬಿತ್ತು. ಹತ್ತು ನಿಮಿಷ ಹಾಗೇ ನಡೆಯಿತು. ತುಟಿ ಮೊದಲು, ಮಾತು ಆಮೇಲೆ, ಅಕ್ಷರ ಅದಕ್ಕೂ ಆಮೇಲೆ. ಈ ಕುಂದಿಗೆ ಯಾವ ವ್ಯಾಖ್ಯಾನವೂ ಇಲ್ಲ, ನಮ್ಮದೇ ಅಜಾಗರೂಕತೆ. ಡಾಕ್ಟರ ಭಾಗದಲ್ಲಿ ಮೂವರು ಎದ್ದು ಹೋದರು. ಅವರ ಮೇಲೆ ನನಗೆ ಕೋಪವಿಲ್ಲ.

ಕೊನೆಗೆ ಮಂಟಪ. ಸತ್ತವರು ಜೋಡಿ ಜೋಡಿಯಾಗಿ ಗಿರಗಿರನೆ ಕುಣಿಯುತ್ತಾರೆ. ಮೇರಿ ಓಡುತ್ತಾಳೆ, ಅವರು ಬೆನ್ನಟ್ಟುತ್ತಾರೆ. ಮರುದಿನ ಜನ ಹುಡುಕಲು ಬಂದರೆ ಮರಳಿನಲ್ಲಿ ಅವಳ ಹೆಜ್ಜೆ ಒಂದು ಕಡೆ ಮುಗಿದುಹೋಗಿರುತ್ತದೆ. ಅತ್ತ ಕ್ಯಾನ್ಸಸ್‌ನಲ್ಲಿ ನದಿಯಿಂದ ಕಾರು ಎತ್ತುತ್ತಾರೆ. ಒಳಗೆ ಮೂವರು ಹುಡುಗಿಯರ ಹೆಣ. ಅವಳದೂ.

ಲೈಟ್ ಹಾಕಿದ ಮೇಲೆ

ಚಹಾ ಕುಡಿಯುತ್ತಾ ಕಾಲೇಜು ಹುಡುಗನೊಬ್ಬ, “ಕೊನೆ ನನಗೆ ಮೊದಲೇ ಗೊತ್ತಾಗಿತ್ತು” ಎಂದ. ಇಂಥ ತಿರುವು ಆಮೇಲೆ ಎಷ್ಟೋ ಸಿನಿಮಾದಲ್ಲಿ ಬಂದಿದೆ, ಅವನಿಗೆ ಹೊಳೆದದ್ದು ಸಹಜ. ಆಗ ಮೇಷ್ಟ್ರ ಅಮ್ಮ ಹೇಳಿದರು: “ನನಗೂ ಮೊದಲೇ ಗೊತ್ತಿತ್ತಪ್ಪ. ಹೆಣ ಸಿಕ್ಕಿಲ್ಲ, ಸಂಸ್ಕಾರ ಆಗಿಲ್ಲ. ಅವಳು ಎಲ್ಲಿಗೆ ಹೋಗ್ತಾಳೆ? ಅಲೀತಾಳೆ. ಕಾರು ಎತ್ತಿದ ಮೇಲೆ ನೋಡು, ಹೋದಳು.”

ನಾನು ಈ ಸಿನಿಮಾ ಬಗ್ಗೆ ಸಾಕಷ್ಟು ಓದಿದ್ದೆ. ಒಂಟಿತನ, ಮನೋವಿಜ್ಞಾನ, ಏನೇನೋ. ಹೆಣ ಸಿಗುವುದಕ್ಕೂ ಅವಳು ಮಾಯವಾಗುವುದಕ್ಕೂ ಇಷ್ಟು ನೇರ ಗಂಟು ಹಾಕಿದ್ದು ಎಲ್ಲೂ ಕಂಡಿರಲಿಲ್ಲ. ಆ ಅಜ್ಜಿಗೆ ಬಿಳಿ ಮುಖದವನು ಹೆದರಿಸುವ ದೆವ್ವ ಅಲ್ಲ. “ಅವನು ಕರ್ಕೊಂಡು ಹೋಗೋಕೆ ಬಂದೋನು. ಇವಳೇ ಹೊರಡಲ್ಲ ಅಂತಾಳೆ” ಎಂದರು. ಇದನ್ನು ತಲೆಯಲ್ಲಿಟ್ಟುಕೊಂಡು ಹಾರ್ವಿಯ ಮುಖ ನೋಡಿ. ಅವನು ಇಡೀ ಸಿನಿಮಾದಲ್ಲಿ ಹೆಚ್ಚಿನ ಕಡೆ ನಗುತ್ತಾ ನಿಂತಿರುತ್ತಾನೆ ಅಷ್ಟೇ, ಕಾಯುವವನ ಹಾಗೆ. ಸುಣ್ಣ ಬಳಿದ ಮುಖ ನಗೆಪಾಟಲು ಎನ್ನಿಸಿದ್ದು ಯಾಕೆ ಎಂದರೆ ನಾವು ಅವನನ್ನು ಖಳನಾಯಕ ಎಂದುಕೊಂಡಿದ್ದೆವು.

ಇಂಥದ್ದನ್ನು ತೋರಿಸಬೇಕೆಂದಿರುವ ಬೇರೆ ಬಳಗದವರು ಕೇಳಿದರೆ ನಾನು ಹೇಳುವುದು ಸ್ವಲ್ಪವೇ. ಸಿನಿಮಾದ ಬಡತನಕ್ಕೆ ನೀವು ಕ್ಷಮೆ ಕೇಳಬೇಡಿ, ಅದು ನಿಮ್ಮ ಕೆಲಸವಲ್ಲ. ನಿಮ್ಮ ಹಾಲಿನ ಬಡತನವನ್ನು ಮಾತ್ರ ಸರಿಮಾಡಿ: ಬೆಳಕು, ಚೌಕಟ್ಟು, ವೈರು. ನಾವು ಮೊದಲ ಸಲ ಸಿನಿಮಾದ ಕುಂದು ಎಂದುಕೊಂಡಿದ್ದರಲ್ಲಿ ಎಷ್ಟೋ ನಮ್ಮ ಕುಂದು. ಮುಖ ಉಬ್ಬಿಸಿದ್ದು ಹಾರ್ವಿ ಅಲ್ಲ. ಹೆಂಗಸರು ಮನೆಗೆ ಹೋಗುವ ದಾರಿ ಮೊದಲೇ ಯೋಚಿಸಿ, ಯಾಕೆಂದರೆ ಯಾರು ಕೂತು ನೋಡುತ್ತಾರೆ ಎನ್ನುವುದರ ಮೇಲೆ ಸಿನಿಮಾವೇ ಬದಲಾಗುತ್ತದೆ. ಸಬ್‌ಟೈಟಲ್ ಒಮ್ಮೆ ಪೂರ್ತಿ ಓಡಿಸಿ ನೋಡಿ. ನಾವು ನೋಡಲಿಲ್ಲ.

ಕುಂದು ಯಾವುದು, ಸೊಗಸು ಯಾವುದು ಎಂಬ ಪಟ್ಟಿಯನ್ನು ನಾನು ಮತ್ತೆ ಮಾಡಲು ಹೋಗಿಲ್ಲ. ತುಟಿಗೆ ಹೊಂದದ ಮಾತು ಮೊದಲ ದಿನ ಕುಂದು, ಎರಡನೇ ದಿನ ಸೊಗಸು. ಡಾಕ್ಟರು ಎರಡೂ ದಿನ ಕುಂದು.

ಹಾರ್ವಿಗೂ ಮೊದಲ ಪ್ರದರ್ಶನ ಕೈಕೊಟ್ಟಿತ್ತು. 1962ರಲ್ಲಿ ಸಿನಿಮಾ ಓಡಲಿಲ್ಲ, ವಿತರಕ ಕಂಪನಿ ಮುಳುಗಿತು, ಹಾಕಿದವರಿಗೆ ದುಡ್ಡು ಬರಲಿಲ್ಲ. ಅವನು ಮತ್ತೆ ಪಾಠದ ಚಿತ್ರಗಳಿಗೆ ಮರಳಿದ. ಇನ್ನೊಂದು ಕಥಾಚಿತ್ರ ಮಾಡಲೇ ಇಲ್ಲ. ಆದರೆ ಹಕ್ಕಿಲ್ಲದ ಸಿನಿಮಾ ನೋಡಿ, ಟಿವಿಯವರು ನಡುರಾತ್ರಿ ಹೊತ್ತು ತುಂಬಿಸಲು ಹಾಕುತ್ತಲೇ ಹೋದರು. ನಿದ್ದೆ ಬಾರದೆ ಒಬ್ಬೊಬ್ಬರೇ ಕೂತಿದ್ದವರು ನೋಡಿದರು. ಆ ಹೊತ್ತಿಗೆ ಇದು ಸರಿಯಾದ ಸಿನಿಮಾ. 1989ರಲ್ಲಿ ಮತ್ತೆ ಥಿಯೇಟರಿಗೆ ಬಂತು. ಹಾರ್ವಿ ಬದುಕಿದ್ದ, 1996ರಲ್ಲಿ ತೀರಿಕೊಂಡ. ಆ ಮಂಟಪ 1970ರಲ್ಲೇ ಸುಟ್ಟುಹೋಗಿತ್ತು. ಸತ್ತವರು ಕುಣಿದ ಆ ನೆಲ ಈಗ ಇರುವುದು ಸಿನಿಮಾದಲ್ಲಿ ಮಾತ್ರ.

ಚೀಟಿ ಮಾತ್ರ ಆಂಪ್ಲಿಫೈಯರ್ ಮೇಲೆ ಇನ್ನೂ ಇದೆ. ಹೋದ ತಿಂಗಳು ಹಾಲಿನಲ್ಲಿ ಸಂಘದ ವಾರ್ಷಿಕ ಸಭೆ ನಡೆಯಿತು. ಅಧ್ಯಕ್ಷರು ಲೆಕ್ಕಪತ್ರ ಓದುವಾಗ ಮೈಕು ನಿಜಕ್ಕೂ ಸತ್ತುಹೋಯಿತು. ಯಾರೋ ಎದ್ದು ಹೋಗಿ ಚೀಟಿ ಓದಿ, ವಾಪಸ್ ಬಂದು ಕೂತರಂತೆ. ಅಧ್ಯಕ್ಷರು ಬಾಯಿ ಆಡಿಸುತ್ತಲೇ ಇದ್ದರಂತೆ.